ಮೊಹಲ್ಲಾ ಬಿಟ್ಟು ಬನ್ನಿ ಎನ್ನುವವರಿಗೆ

'ನೀವು ಯಾಕ್ರೀ ಒಂದೇ ಮೊಹಲ್ಲಾದಲ್ಲಿ ಗುಂಪುಗೂಡಿರ್ತೀರಿ?' ಎಂದು ಕೇಳುವ ಮಿತ್ರರೇ, ಕೋಲಾರದ ಹೊಸ ಬಡಾವಣೆಯೊಂದರಲ್ಲಿ ನನಗೆ ಮನೆ ಕುದುರಿತ್ತು. ಹೆಸರು ಹೇಳಿದೆ. 'ಮಗ ಒಪ್ತಿಲ್ಲ ಸಾಬ್ರೇ' ಎಂದರು. ಶ್ರೀನಿವಾಸಪುರದ ಮಂಡಿಯಲ್ಲಿ ಹಿಂದೂ ರೈತ, ಮುಸ್ಲಿಂ ವ್ಯಾಪಾರಿ ಒಂದೇ ಮಾವಿನ ರಾಶಿಯ ಮುಂದೆ ಚೌಕಾಶಿ ಮಾಡುತ್ತಾರೆ. ಒಂದೇ ಬೀದಿಯಲ್ಲಿ ಬಾಳಲು ಮಾತ್ರ ಆಗದೇ? ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಭೇದ ಬೇಡವೆಂದಿತು. ಮನೆ ಮಾರುವವನ ಪ್ರಸ್ತಾಪವೇ ಇಲ್ಲ. ಮುಸ್ಲಿಮರಿಗೆ ಬೇರೆ ಬಡಾವಣೆಗಳಲ್ಲಿ ಮನೆ ಸಿಗುವುದು ಕಷ್ಟವೆಂದು 2006ರಲ್ಲೇ ಸಾಚಾರ್ ಸಮಿತಿ ಬರೆಯಿತು.

ನಮ್ಮ ದಲ್ಲಾಳಿಗಳೇನು ಕಡಿಮೆಯೇ? ಚರಂಡಿಯಿಲ್ಲದ ಗಲ್ಲಿಯ ಸೈಟಿಗೆ 'ಮಸೀದಿ ಹತ್ತಿರ' ಎಂದು ದುಪ್ಪಟ್ಟು ಕೇಳುತ್ತಾರೆ. ನನಗೆ ಬೇಕಿರುವುದು ಮಗಳ ಕಾಲೇಜಿಗೆ ಹತ್ತಿರದ, ನಲ್ಲಿಯಲ್ಲಿ ನೀರು ಬರುವ ಮನೆ. ನಿಮ್ಮ ಪಕ್ಕದ ಮನೆ ಮಾರಾಟಕ್ಕಿದೆಯಂತೆ. ಮಾತಾಡಿ ಕೊಡಿಸುತ್ತೀರಾ?