ಮೂರು ನಿಮಿಷದ ತಟ್ಟೆ, ಇರುಳಿಡೀ ಹಾಡು

ಸಂಗೀತದ ಹುಚ್ಚು ಹತ್ತಿದವನು ತಟ್ಟೆಗಳನ್ನು ಕೂಡಿಡುತ್ತಾನೆ, ಬೈಠಕ್ಕುಗಳಿಗೆ ಓಡುತ್ತಾನೆ, ಕೊನೆಗೆ ಹಾಡುಗಾರನು ಹುಟ್ಟಿ ಬೆಳೆದ ಊರನ್ನಾದರೂ ಒಮ್ಮೆ ನೋಡಿಬರದೆ ಅವನಿಗೆ ಸಮಾಧಾನವಿರುವುದಿಲ್ಲ. ಈ ಹುಚ್ಚು ನನಗೆ ಅಂಟಿ ನಾಲ್ವತ್ತು ವರುಷಗಳು ಸಂದುವು. ಮನೆಯವರು ಇದನ್ನು ರೋಗವೆನ್ನುತ್ತಾರೆ, ನಾನು ಎದುರಾಡಿದವನಲ್ಲ.

ನಮ್ಮ ಇಂದಿನ ತರುಣರು ರಾಕ್ ಸಂಗೀತವನ್ನು ಕೇಳಲೆಂದು ಊರಿಂದೂರಿಗೆ ಹೋಗುವುದನ್ನು ಕಂಡು ಹಿರಿಯರು ಮೂಗು ಮುರಿಯುವುದುಂಟು. 2010ರಲ್ಲಿ ಎನ್.ಎಚ್.7 ವೀಕೆಂಡರ್ ಎಂಬ ಮೇಳವು ಈ ಪುಣೆಯಲ್ಲಿಯೇ ಆರಂಭವಾದಾಗ ನೆರೆಮನೆಯ ಹುಡುಗನೊಬ್ಬನು ಎರಡು ದಿನ ಉಪವಾಸವಿದ್ದವನಂತೆ ಸೊರಗಿ ಮರಳಿದನು. ಅವನ ಕಣ್ಣುಗಳು ಮಾತ್ರ ಹೊಳೆಯುತ್ತಿದ್ದವು. ಆ ಸಂಗೀತ ನನಗೆ ತಿಳಿಯದು. ಆದರೆ ಆ ಹೊಳಪು ನನಗೆ ಚೆನ್ನಾಗಿ ತಿಳಿದಿದೆ. ಅವನನ್ನು ಗದರಿಸಲು ನನ್ನಿಂದ ಆಗಲಿಲ್ಲ.

ಏಕೆಂದರೆ ನಮ್ಮ ಕನ್ನಡ ನಾಡಿನ ಅತ್ಯಂತ ದೊಡ್ಡ ಸಂಗೀತಯಾತ್ರೆಯೂ ಇಂಥದೇ ಹುಚ್ಚಿನಿಂದ ಹೊರಟಿತು. ಗದಗಿನಲ್ಲಿ ಒಂದು ಅಂಗಡಿಯೊಳಗಿನ ಗ್ರಾಮೋಫೋನಿನಿಂದ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿಯನ್ನು ಕೇಳಿದ ಬಾಲಕ ಭೀಮಸೇನನು 1933ರಲ್ಲಿ, ತನ್ನ ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಅರಸುತ್ತ ಮನೆ ಬಿಟ್ಟನು. ಆ ತಟ್ಟೆಯ ಒಂದು ಮಗ್ಗುಲು ಮೂರು ನಿಮಿಷಕ್ಕಿಂತ ಹೆಚ್ಚು ಹಾಡುತ್ತಿರಲಿಲ್ಲ. ಆ ಮೂರು ನಿಮಿಷಗಳು ಹುಡುಗನನ್ನು ಗ್ವಾಲಿಯರಿಗೂ ಜಾಲಂಧರಕ್ಕೂ ಅಲೆಯಿಸಿದುವು. ಕೊನೆಗೆ ಗುರು ದೊರೆತದ್ದು ಎಲ್ಲಿ? ಮನೆಯಿಂದ ಬಹು ದೂರವೇನೂ ಇಲ್ಲದ ಕುಂದಗೋಳದಲ್ಲಿ! ಅಬ್ದುಲ್ ಕರೀಂ ಖಾನರ ಶಿಷ್ಯರಾದ ರಾಮಭಾವು ಕುಂದಗೋಳಕರರು, ಅಂದರೆ ಸವಾಯಿ ಗಂಧರ್ವರು, ಅಲ್ಲಿದ್ದರು. ಅದೇ ಗುರುವಿನ ಬಳಿಗೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ಪುಣೆಯಲ್ಲಿ ಭೀಮಸೇನರ ಅಭಂಗಗಳನ್ನು ಕೇಳಿ ಬೆಳೆದ ನಮ್ಮ ವಿದ್ಯಾರ್ಥಿಗಳು ಆ ಕಂಠವು ಕುಂದಗೋಳದಲ್ಲಿ ಪಳಗಿದುದೆಂಬುದನ್ನು ಅರಿತಿರಬೇಕು.

ಇದರಿಂದ ನನಗೆ ತೋರುವುದೇನೆಂದರೆ, ಧ್ವನಿಮುದ್ರಿಕೆಯು ಊಟವಲ್ಲ, ಊಟದ ಕರೆ. ಕರೆಯನ್ನೇ ಊಟವೆಂದು ಬಗೆದರೆ ಹೊಟ್ಟೆ ತುಂಬದು. ನಾನೇ ಒಮ್ಮೆ ಹಾಗೆ ಮೋಸಹೋದೆನು. ಗಣೇಶೋತ್ಸವದ ಒಂದು ರಾತ್ರಿ, ಒಬ್ಬ ಹಿರಿಯ ಗಾಯಕರ ಮೈಫಲಿಗೆ ನಾನು ಹೊಸದಾಗಿ ಕೊಂಡ ಟೇಪ್ ರಿಕಾರ್ಡರನ್ನು ಕೈಚೀಲದಲ್ಲಿ ಅಡಗಿಸಿಕೊಂಡು ಹೋಗಿದ್ದೆನು. ಕ್ಯಾಸೆಟ್ ಮುಗಿಯುವುದೋ ಎಂದು ನೋಡುವುದು, ಮಗ್ಗುಲು ಬದಲಿಸುವುದು, ಪಕ್ಕದವನು ಕೆಮ್ಮಿದರೆ ಕೆರಳುವುದು, ಇಷ್ಟರಲ್ಲಿಯೇ ಇರುಳು ಕಳೆಯಿತು. ಮರುದಿನ ಹಾಕಿ ಕೇಳಿದರೆ ಕೆಮ್ಮು ಸ್ಪಷ್ಟವಾಗಿತ್ತು. ಹಾಡು ಬಾವಿಯೊಳಗಿನಿಂದ ಬಂದಂತಿತ್ತು. ಆ ಗಾಯಕರು ಮುಂದಿನ ವರುಷ ತೀರಿಕೊಂಡರು. ಅವರ ಆ ರಾತ್ರಿಯ ಮಾಲಕಂಸವನ್ನು ನಾನು ಎದುರಿಗೆ ಕುಳಿತೂ ಕೇಳಲಿಲ್ಲ. ಇಂದು ದೂರವಾಣಿಯನ್ನು ತಲೆಯ ಮೇಲೆತ್ತಿ ಹಿಡಿದು ಕುಳಿತವರನ್ನು ಕಂಡಾಗ ನನಗೆ ಸಿಟ್ಟಿಗಿಂತ ಕನಿಕರವೇ ಹೆಚ್ಚಾಗುತ್ತದೆ.

ಯಾತ್ರೆಯ ಮಾತು ಬಂದುದರಿಂದ ಮೀರಜವನ್ನು ನೆನೆಯದೆ ಮುಂದುವರಿಯಲಾರೆ. ಪುಣೆಯಿಂದ ಹುಬ್ಬಳ್ಳಿಗೆ ಹೋಗುವ ನಮ್ಮವರಲ್ಲಿ ಬಹುಮಂದಿಗೆ ಮೀರಜವೆಂದರೆ ಚಹ ಕುಡಿಯುವ ನಿಲ್ದಾಣವಷ್ಟೆ. ಒಮ್ಮೆ ಅಲ್ಲಿ ಇಳಿಯಿರಿ. ಒಣಗಿದ ಸೋರೆಬುರುಡೆಗಳು ತಂಬೂರಿಗಳಾಗುವ ಅಂಗಡಿಗಳು ಅಲ್ಲಿವೆ. 1937ರಲ್ಲಿ ದಕ್ಷಿಣದ ಪ್ರವಾಸದಲ್ಲಿ, ಸಿಂಗಪೆರುಮಾಳ್ ಕೋಯಿಲ್ ಎಂಬ ರೈಲು ನಿಲ್ದಾಣದಲ್ಲಿ ಕೊನೆಯುಸಿರೆಳೆದ ಅಬ್ದುಲ್ ಕರೀಂ ಖಾನರ ಸಮಾಧಿಯು ಅಲ್ಲಿಯ ದರ್ಗಾದ ಆವರಣದಲ್ಲಿದೆ. ಒಬ್ಬ ಮುದುಕ ತಂಬೂರಿಯ ತಂತಿಗೆ ನೂಲಿನ ಜವಾರಿಯನ್ನು ಸರಿಸುತ್ತ ಸರಿಸುತ್ತ ನಾದವನ್ನು ತೆರೆದುದನ್ನು ಅಲ್ಲಿ ಕಂಡೆನು. ನನ್ನ ಕಪಾಟಿನ ಯಾವ ತಟ್ಟೆಯೂ ಅದನ್ನು ನನಗೆ ಕಲಿಸಿರಲಿಲ್ಲ.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ, ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಗುರುವಿನ ಹೆಸರಿನ ಉತ್ಸವವನ್ನು ಆರಂಭಿಸಿದರು. ರಮಣಬಾಗ ಶಾಲೆಯ ಮೈದಾನದಲ್ಲಿ ಡಿಸೆಂಬರದ ಚಳಿಗೆ ಕಂಬಳಿ ಹೊದ್ದು ನಾವು ಇರುಳಿಡೀ ಕುಳಿತಿರುತ್ತಿದ್ದೆವು. ದರಬಾರಿ ಮುಗಿದು, ನಿದ್ದೆ ತೂಗಿ, ಮತ್ತೆ ಎಚ್ಚೆತ್ತಾಗ ಲಲತದ ಎರಡು ಮಧ್ಯಮಗಳು ಕಿವಿಗೆ ಬೀಳುತ್ತಿದ್ದವು. ಕತ್ತೆತ್ತಿದರೆ ಮೂಡಲು ಬೆಳ್ಳಗಾಗಿರುತ್ತಿತ್ತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10 ಗಂಟೆಯ ಬಳಿಕ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿದುವು. ಅನುಮತಿ ದೊರೆತ ಕೆಲವು ದಿನ ಮಾತ್ರ ನಡುರಾತ್ರಿಯವರೆಗೆ ಹಾಡಬಹುದು. ಈ ನಿಯಮವನ್ನು ನಾನು ಹಳಿಯುವುದಿಲ್ಲ. ರೋಗಿಗಳೂ ಕೂಸುಗಳೂ ಮಲಗಬೇಕು. ಆದರೆ ಇರುಳಿನ ಕೊನೆಯ ಜಾವದ ರಾಗಗಳು ಹೊಸ ಪೀಳಿಗೆಗೆ ಬರಿಯ ತಟ್ಟೆಯ ರಾಗಗಳಾದುವು. ಮಧ್ಯಾಹ್ನ ನಾಲ್ಕಕ್ಕೆ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಲಲತವನ್ನು ಕೇಳುವ ಹುಡುಗನಿಗೆ ಅದು ಯಾವ ಹೊತ್ತಿನ ಹಾಡೆಂಬುದು ಹೇಗೆ ತಿಳಿಯಬೇಕು?

ವಿಚಿತ್ರವೆಂದರೆ, ಆ ಉತ್ಸವದ ಮುಕ್ತಾಯವೂ ಒಂದು ತಟ್ಟೆಯಿಂದಲೇ. ಎಲ್ಲರೂ ಹಾಡಿಯಾದ ಮೇಲೆ ಸವಾಯಿ ಗಂಧರ್ವರ ಹಳೆಯ ಮುದ್ರಿಕೆಯೊಂದನ್ನು ಕೇಳಿಸುವುದು ಅಲ್ಲಿಯ ವಾಡಿಕೆ. ಆ ಸವೆದ ಧ್ವನಿ ಸಾವಿರಾರು ಜನರ ನಡುವೆ ಎದ್ದಾಗ ನನಗೆ ಪ್ರತಿಸಲವೂ ಗಂಟಲು ಕಟ್ಟುತ್ತದೆ. ಹಲವು ದಿನ ಹಾಡು ಕೇಳಿ ಕಿವಿ ಹದಗೊಂಡ ಬಳಿಕ ಕೇಳುವುದರಿಂದಲೇ ಅದಕ್ಕೆ ಆ ಬಲ.

ಕುಂದಗೋಳದ ನಾಡಿಗೇರರ ವಾಡೆಯಲ್ಲಿ ಅಹೋರಾತ್ರಿ ಸಂಗೀತದ ಸಂಪ್ರದಾಯವನ್ನು ಕಾಪಾಡಿಕೊಂಡು ಬಂದಿದ್ದಾರೆ. ಆ ಸಣ್ಣ ಊರಿಗೆ ಸಾಧ್ಯವಾದದ್ದು ಪುಣೆಯ ಕನ್ನಡ ಶಾಲೆಗೆ ಏಕೆ ಆಗದು? ಮುಚ್ಚಿದ ಸಭಾಗೃಹಗಳಿಗೆ ಆ ನಿಯಮವೇ ವಿನಾಯಿತಿ ಕೊಟ್ಟಿದೆ. ನೂರು ಜನರ ಬೈಠಕ್ಕಿಗೆ ಧ್ವನಿವರ್ಧಕದ ಅಗತ್ಯವೂ ಇಲ್ಲ. ವರುಷಕ್ಕೊಂದು ರಾತ್ರಿ, ಡಿಸೆಂಬರದ ರಜೆಯಲ್ಲಿ, ನಮ್ಮ ಶಾಲೆಯ ಸಭಾಗೃಹದಲ್ಲಿ ಜಮಖಾನೆ ಹಾಸಿ ಇಬ್ಬರು ಗಾಯಕರನ್ನು ಕರೆಯೋಣ. ಎಂಟನೆಯ ಇಯತ್ತೆಯಿಂದ ಮೇಲಿನ ಮಕ್ಕಳು ಪಾಲಕರೊಡನೆ ಬರಲಿ, ನಿದ್ದೆ ಬಂದವರು ಅಲ್ಲಿಯೇ ಮಲಗಲಿ. ದೂರವಾಣಿಗಳನ್ನು ಬಾಗಿಲಲ್ಲಿ ಬುಟ್ಟಿಗೆ ಹಾಕಿಸುವ ಕೆಲಸವನ್ನೂ, ಬೆಳಗಿನ ಐದು ಗಂಟೆಯ ಚಹದ ಏರ್ಪಾಡನ್ನೂ ನಾನು ವಹಿಸಿಕೊಳ್ಳುತ್ತೇನೆ.