ಇಡೀ ದೇಹಕ್ಕೆ ಶೇಕಡಾ 10

ಕನ್ನಡ ಅಧ್ಯಾಪಕನಾದವನಿಗೆ ಪಾಠ ಹೇಳುವುದರ ಜೊತೆಗೆ ಇನ್ನೂ ಕೆಲವು ಕೆಲಸಗಳು ತಾವಾಗಿ ಬಂದು ಸೇರುತ್ತವೆ. ಲಗ್ನಪತ್ರಿಕೆಯ ಒಕ್ಕಣೆ ತಿದ್ದಬೇಕು; ನಿವೃತ್ತರಾಗುವವರಿಗೆ ಬಿನ್ನವತ್ತಳೆ ಬರೆಯಬೇಕು; ಸಭೆಗೆ ಬರುವ ಅತಿಥಿಗಳಿಗೆ ತಕ್ಕ ವಿಶೇಷಣಗಳನ್ನು ಒದಗಿಸಬೇಕು. ಇವುಗಳಲ್ಲಿ ಸುಳ್ಳು ಸ್ವಲ್ಪ ಬೆರೆತರೂ ಯಾರಿಗೂ ಕೇಡಿಲ್ಲ. ಆದರೆ 2022ರಲ್ಲಿ ನಾನು ಬರೆದುಕೊಟ್ಟ ಒಂದು ಕಾಗದದಿಂದ ಒಬ್ಬ ಮನುಷ್ಯನಿಗೆ ಕೇಡಾಯಿತು. ಅದನ್ನು ಮೊದಲು ಒಪ್ಪಿಕೊಳ್ಳದೆ ಈ ವಿಷಯದಲ್ಲಿ ಇತರರ ಮೇಲೆ ಹರಿಹಾಯುವ ಅಧಿಕಾರ ನನಗಿಲ್ಲ.

ಆ ವರ್ಷ ನಮ್ಮ ಕಾಲೇಜಿಗೆ ಹೊಸ ಕೊಠಡಿಗಳನ್ನು ಕಟ್ಟಿಸುತ್ತಿದ್ದರು. ನೆಲಕ್ಕೆ ಗ್ರಾನೈಟ್ ಹಾಸುವ ಮೇಸ್ತ್ರಿ 40 ವರ್ಷದವನು, ಮಾತು ಕಡಮೆ. ಕಲ್ಲಿನ ಮೇಲೆ ರಸಮಟ್ಟವಿಟ್ಟು, ಅದರ ಗುಳ್ಳೆ ನಡುವಿಗೆ ಬಂದು ನಿಲ್ಲುವವರೆಗೂ ಅವನು ಮೇಲೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಗೋಡೆಗೆ ಒರಗಿಸಿದ್ದ ಚಪ್ಪಡಿಗಳು ಜಾರಿ, ಕುಕ್ಕರಗಾಲಲ್ಲಿ ಕುಳಿತಿದ್ದವನ ಬಲಮಂಡಿಯ ಮೇಲೆ ಬಿದ್ದವು. ಮಂಡಿಯ ಕೆಳಗಿನ ಮೂಳೆಯ ತಲೆ ಒಡೆಯಿತು. ಆಸ್ಪತ್ರೆಯಲ್ಲಿ ಪ್ಲೇಟು ಕೂರಿಸಿ ಸ್ಕ್ರೂ ಹಾಕಿದರು. ಖರ್ಚನ್ನು ಗುತ್ತಿಗೆದಾರರು ಕೊಟ್ಟರು. ಎಲ್ಲರೂ ಅವರನ್ನು ಹೊಗಳಿದೆವು.

ನಾಲ್ಕು ತಿಂಗಳ ಮೇಲೆ ಗುತ್ತಿಗೆದಾರರು ಆತನಿಗೆ 60,000 ರೂಪಾಯಿ ಕೊಡಲು ಮುಂದೆ ಬಂದರು. ಅದಕ್ಕೆ ಛಾಪಾ ಕಾಗದದ ಮೇಲೆ ಒಂದು ಮುಚ್ಚಳಿಕೆ ಬೇಕಾಗಿತ್ತು. ‘ಒಳ್ಳೆಯ ಕನ್ನಡದಲ್ಲಿ ಬರೆದುಕೊಡಿ’ ಎಂದು ನನ್ನನ್ನು ಕೇಳಿದರು. ಬರೆದುಕೊಟ್ಟೆ: ಪೂರ್ಣ ಪರಿಹಾರವನ್ನು ಸಂತೋಷದಿಂದ ಪಡೆದಿರುತ್ತೇನೆ, ಮುಂದೆ ನನ್ನದಾಗಲಿ ನನ್ನ ವಾರಸುದಾರರದಾಗಲಿ ಯಾವ ತಕರಾರೂ ಇರುವುದಿಲ್ಲ. ಮೇಸ್ತ್ರಿ ಸಹಿ ಹಾಕುವ ಮುಂಚೆ ನನ್ನ ಮುಖ ನೋಡಿದ. ‘ಸಾರ್, ನೀವೇ ಬರೆದಿದ್ದೀರಲ್ಲ, ಸರಿಯಾಗೇ ಇರ್ತದೆ ಅಲ್ವಾ?’ ಎಂದ. ನಾನು ತಲೆಯಾಡಿಸಿದೆ. ವ್ಯಾಕರಣದ ಮಟ್ಟಿಗೆ ಅದು ಸರಿಯಾಗಿಯೇ ಇತ್ತು.

ಆಮೇಲೆ ಮೇಸ್ತ್ರಿ ಮತ್ತೆ ಕಂಡದ್ದು ಒಂದು ಅಂಗಡಿಯ ಮುಂದೆ, ರಾತ್ರಿ ಕಾವಲಿನವನಾಗಿ. ಮಂಡಿ ಒಂದು ಮಟ್ಟಕ್ಕೆ ಬಗ್ಗುತ್ತದೆ, ಕುರ್ಚಿಯಲ್ಲಿ ಕೂರಬಲ್ಲ, ನೆಲದ ಮೇಲೆ ಕೂರಲಾರ. ದಿನಕ್ಕೆ 900 ರೂಪಾಯಿಯಂತೆ ತಿಂಗಳಿಗೆ 26 ದಿನ ದುಡಿದು 23,400 ರೂಪಾಯಿ ತರುತ್ತಿದ್ದವನು ಈಗ 9,000 ತರುತ್ತಾನೆ. ಗುತ್ತಿಗೆದಾರರನ್ನು ಕೇಳಿದ್ದಕ್ಕೆ ಅವರು ವೈದ್ಯರ ಪ್ರಮಾಣಪತ್ರ ತೋರಿಸಿದರಂತೆ: ಆ ಕಾಲಿಗೆ ಶೇಕಡಾ 30 ಊನ, ಇಡೀ ದೇಹಕ್ಕೆ ಶೇಕಡಾ 10. ‘ಶೇಕಡಾ 10ಕ್ಕೆ 60,000 ಕಡಮೆಯೇನಯ್ಯಾ?’ ಎಂದರಂತೆ. ಅಂದು ರಾತ್ರಿ ನಾನು ಮನೆಗೆ ಬಂದು, ಮುಚ್ಚಳಿಕೆ ಬರೆಯುವ ಮೊದಲೇ ಓದಬೇಕಾಗಿದ್ದ ಕಾಯಿದೆಯನ್ನು ತೆರೆದೆ.

ಅದು 1923ರ ಕಾಯಿದೆ. 1924ರ ಜುಲೈ 1ರಿಂದ ಜಾರಿಗೆ ಬಂದದ್ದು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಸುರಕ್ಷತಾ ಸಂಹಿತೆ ಬಂದಿದೆ. ಆದರೆ ಮೇಸ್ತ್ರಿಗೆ ಪೆಟ್ಟಾದಾಗ ನಡೆಯುತ್ತಿದ್ದುದು ಹಳೆಯ ಕಾಯಿದೆಯೇ. ಅದರಲ್ಲಿ ಗಾಯಗಳ ಒಂದು ಪಟ್ಟಿಯಿತ್ತು. ಹೆಬ್ಬೆರಳು ಹೋದರೆ ಶೇಕಡಾ 30, ಒಂದು ಕಣ್ಣು ಹೋಗಿ ಇನ್ನೊಂದು ಸರಿಯಾಗಿದ್ದರೆ ಶೇಕಡಾ 40. ಕಾಲನ್ನು ಎಷ್ಟು ಎತ್ತರದಲ್ಲಿ ಕತ್ತರಿಸಿದರೆ ಎಷ್ಟೆಂಬುದು ಸೆಂಟಿಮೀಟರುಗಳ ಲೆಕ್ಕದಲ್ಲಿತ್ತು. ಆದರೆ ಕತ್ತರಿಸದೆ ಉಳಿದು, ಪೂರ್ತಿ ಬಗ್ಗದ ಮಂಡಿ ಆ ಪಟ್ಟಿಯಲ್ಲಿರಲಿಲ್ಲ. ಅಂಥ ಗಾಯಕ್ಕೆ ಬೇರೆ ನಿಯಮ: ಪಟ್ಟಿಯ ಪ್ರಮಾಣಗಳನ್ನೂ ಗಮನದಲ್ಲಿಟ್ಟುಕೊಂಡು, ಆ ಗಾಯದಿಂದ ಶಾಶ್ವತವಾಗಿ ಎಷ್ಟು ಸಂಪಾದನಾ ಶಕ್ತಿ ನಷ್ಟವಾಯಿತೆಂಬುದನ್ನು ಅರ್ಹ ವೈದ್ಯರು ಅಂದಾಜು ಮಾಡಬೇಕು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ಬೇಡುತ್ತೇನೆ. ಸಂಪಾದನಾ ಶಕ್ತಿ ಎಂದಿದೆಯೇ ಹೊರತು ದೇಹದ ಭಾಗ ಎಂದಿಲ್ಲ. ಕಾಲಿನ ಶೇಕಡಾ 30ನ್ನು ಮೂರರಿಂದ ಭಾಗಿಸಿ ‘ಇಡೀ ದೇಹಕ್ಕೆ 10’ ಎನ್ನುವುದು ಮೂಳೆಯ ಲೆಕ್ಕ, ಕೂಲಿಯ ಲೆಕ್ಕವಲ್ಲ. ಇದೇ ಚಪ್ಪಡಿ ನನ್ನ ಮಂಡಿಯ ಮೇಲೆ ಬಿದ್ದು ಇದೇ ಪ್ರಮಾಣಪತ್ರ ನನಗೂ ಸಿಕ್ಕಿತೆನ್ನಿ. ರಜೆ ಮುಗಿಸಿ ಕಾಲೇಜಿಗೆ ಹೋಗುತ್ತೇನೆ. ಕುರ್ಚಿಯಲ್ಲಿ ಕುಳಿತು ಪಂಪನನ್ನು ಪಾಠ ಮಾಡುತ್ತೇನೆ. ತಿಂಗಳ ಕೊನೆಗೆ ಸಂಬಳ ಒಂದು ಕಾಸೂ ಕಡಮೆಯಿಲ್ಲದೆ ಬರುತ್ತದೆ. ಮೇಸ್ತ್ರಿಯದು ಅದೇ ಮಂಡಿ, ಅದೇ ಶೇಕಡಾ 10. ಕಳೆದುಕೊಂಡದ್ದು ಸಂಪಾದನೆಯಲ್ಲಿ ಶೇಕಡಾ 60ಕ್ಕೂ ಮೇಲೆ. ನೆಲ ಹಾಸುವವನಿಗೆ ಮಂಡಿಯೇ ಕುರ್ಚಿ. ಅದು ಮುರಿದ ಮೇಲೆ ಕೈ ಎರಡೂ ಗಟ್ಟಿಯಾಗಿದ್ದು ಪ್ರಯೋಜನವೇನು?

ಇದು ನನ್ನ ಹೊಸ ಶೋಧನೆಯೆಂದು ಯಾರೂ ನಗಬೇಕಾಗಿಲ್ಲ. ಸಿನಿಮಾ ಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು, ಅವನ ಎಡಗೈಯನ್ನು ಮೊಣಕೈಯ ಮೇಲಕ್ಕೆ ಕತ್ತರಿಸಬೇಕಾಯಿತು. ಇದು ಭಾಗಶಃ ಊನ ಮಾತ್ರ ಎಂದು ಮಾಲೀಕ ವಾದಿಸಿದ. ಒಂದೇ ಕೈಯಿಂದ ಬಡಗಿಯ ಕೆಲಸ ಸಾಗದು, ಆದ್ದರಿಂದ ನಷ್ಟ ಪೂರ್ಣವೇ ಎಂಬ ತೀರ್ಮಾನವನ್ನು ಸುಪ್ರೀಂ ಕೋರ್ಟು 1975ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಪರಿಹಾರ ಸಲ್ಲಬೇಕಾದದ್ದು ಗಾಯವಾದ ದಿನದಿಂದ ಎಂದೂ ಹೇಳಿತು. 2010ರ ಅಕ್ಟೋಬರಿನಲ್ಲಿ, ವಾಹನ ಅಪಘಾತದ ಮೊಕದ್ದಮೆಯೊಂದರಲ್ಲಿ, ಅಂಗದ ಊನದ ಪ್ರಮಾಣವನ್ನೇ ಸಂಪಾದನೆಯ ನಷ್ಟವೆಂದು ಯಾಂತ್ರಿಕವಾಗಿ ಎಣಿಸಬಾರದೆಂದು ಅದೇ ನ್ಯಾಯಾಲಯ ಬಿಡಿಸಿ ಹೇಳಿತು. ಒಂದು ಕೈ ಹೋದ ಚಾಲಕನಿಗೂ ಗುಮಾಸ್ತನಿಗೂ ನಷ್ಟ ಒಂದೇ ಅಲ್ಲವೆಂದು ಉದಾಹರಣೆಯನ್ನೂ ಕೊಟ್ಟಿತು. ಇಷ್ಟಾದರೂ ನಮ್ಮಲ್ಲಿ ಆ ‘ಇಡೀ ದೇಹ’ದ ಭಾಗಾಕಾರ ನಿಂತಿಲ್ಲ. ಭಾಗಾಕಾರದಷ್ಟು ಅನುಕೂಲವಾದ ದಯೆ ಇನ್ನೊಂದಿಲ್ಲ!

ಈಗ ಗುತ್ತಿಗೆದಾರರ ಲೆಕ್ಕವನ್ನೇ ಹಿಡಿದು ನೋಡೋಣ. ಪರಿಹಾರದ ಎಣಿಕೆಗೆ ತಿಂಗಳ ಕೂಲಿಯ ಮಿತಿಯನ್ನು ಕೇಂದ್ರ ಸರ್ಕಾರ 2020ರ ಜನವರಿಯಲ್ಲಿ 15,000 ರೂಪಾಯಿಗೆ ಏರಿಸಿತ್ತು. ಅದರ ಶೇಕಡಾ 60 ಎಂದರೆ 9,000. ಅದನ್ನು 40 ವರ್ಷದವನಿಗೆ ಗೊತ್ತುಮಾಡಿದ್ದ 184.17 ಎಂಬ ಗುಣಕದಿಂದ ಗುಣಿಸಿದರೆ, ಪೂರ್ಣ ಊನಕ್ಕೆ 16,57,530 ರೂಪಾಯಿ. ಅದರಲ್ಲಿ ಶೇಕಡಾ 10 ಎಂದರೂ 1,65,753. ಶೇಕಡಾ 60 ಎಂದರೆ 9,94,518. ಕೊಟ್ಟದ್ದು 60,000. ತಮ್ಮದೇ ಅಳತೆಗೋಲಿನಿಂದ ಅಳೆದರೂ ಒಂದು ಲಕ್ಷಕ್ಕೂ ಮೇಲ್ಪಟ್ಟು ಮಾಯವಾಗಿದೆ. ‘ಪೂರ್ಣ ಪರಿಹಾರವನ್ನು ಸಂತೋಷದಿಂದ’ ಎಂದು ನಾನು ಬರೆದಿದ್ದೆ!

ಆಸ್ಪತ್ರೆಯ ಖರ್ಚು ಕೊಟ್ಟರಲ್ಲ ಎನ್ನುವಿರಾ? ಚಿಕಿತ್ಸೆಗೆ ಕೊಟ್ಟ ಹಣವನ್ನು ಪರಿಹಾರವೆಂದು ಎಣಿಸುವಂತಿಲ್ಲ. ಅದು ಬೇರೆ, ಇದು ಬೇರೆ ಎಂದು ಕಾಯಿದೆಯೇ ಹೇಳಿತ್ತು. ಮೇಸ್ತ್ರಿ ಎಚ್ಚರವಾಗಿರಬೇಕಾಗಿತ್ತು ಎನ್ನುವಿರಾ? ಕುಡಿದಿದ್ದರೆ, ಸುರಕ್ಷತೆಯ ಆಜ್ಞೆಯನ್ನು ಬೇಕೆಂದೇ ಮೀರಿದ್ದರೆ, ರಕ್ಷಣೆಗಿಟ್ಟದ್ದನ್ನು ಬೇಕೆಂದೇ ಕಿತ್ತಿದ್ದರೆ ಆ ಮಾತು. ಬರಿಯ ಅಜಾಗರೂಕತೆಯಿಂದ ಹಕ್ಕು ಹೋಗುವುದಿಲ್ಲ. ಆತ ತಮ್ಮ ಆಳಲ್ಲ, ತುಂಡು ಗುತ್ತಿಗೆಯವನ ಆಳು ಎಂಬ ಮಾತೂ ಕೇಳಿಬಂತು. ದೊಡ್ಡ ಗುತ್ತಿಗೆದಾರ ಮೊದಲು ಕೊಡಬೇಕು, ಆಮೇಲೆ ಚಿಕ್ಕವನಿಂದ ವಸೂಲು ಮಾಡಿಕೊಳ್ಳಬೇಕು. ಇನ್ನು ಮುಚ್ಚಳಿಕೆ? ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಒಪ್ಪಂದವೂ ಆ ಮಟ್ಟಿಗೆ ಶೂನ್ಯ. ಮೊತ್ತವನ್ನು ಒಪ್ಪಂದದಿಂದ ಇತ್ಯರ್ಥ ಮಾಡಿಕೊಂಡರೆ ಆಯುಕ್ತರ ಬಳಿ ನೋಂದಾಯಿಸಬೇಕು. ನಾನು ಅಷ್ಟು ಎಚ್ಚರದಿಂದ ಬರೆದ ವಾಕ್ಯಗಳಿಗೆ ಕಾನೂನಿನಲ್ಲಿ ಬೆಲೆಯಿರಲಿಲ್ಲ. ಬೆಲೆಯಿದ್ದದ್ದು ಒಂದಕ್ಕೇ: ಓದು ಕಡಮೆಯಾದ ಒಬ್ಬನನ್ನು ಹೆದರಿಸಿ ಮನೆಯಲ್ಲಿ ಕೂರಿಸುವುದಕ್ಕೆ.

ಇಷ್ಟಕ್ಕೆಲ್ಲ ಮೂಲ ನಮ್ಮ ‘ಪರಿಹಾರ’ ಎಂಬ ಮಾತಿನಲ್ಲಿಯೇ ಅರ್ಧ ಇದೆಯೆಂದು ನನಗೆ ಅನುಮಾನ. ಬರಕ್ಕೆ ಪರಿಹಾರ, ನೆರೆಗೆ ಪರಿಹಾರ, ಗ್ರಹದೋಷಕ್ಕೆ ಪರಿಹಾರ. ಕೊಡುವವನು ದೊಡ್ಡವನು, ಕೈಯೊಡ್ಡುವವನು ದೀನ ಎಂಬ ಚಿತ್ರ ಆ ಪದಕ್ಕೆ ಅಂಟಿಕೊಂಡಿದೆ. ಕೆಲಸದಲ್ಲಿ ಪೆಟ್ಟಾದವನಿಗೆ ಸಲ್ಲುವುದು ಈ ಜಾತಿಯದಲ್ಲ, ಅದು ಸಾಲ. ಗಾಯವಾದ ಗಳಿಗೆಯಿಂದ ಮಾಲೀಕನ ತಲೆಯ ಮೇಲೆ ಬಿದ್ದ ಸಾಲ. ತಿಂಗಳೊಳಗೆ ಕೊಡದಿದ್ದರೆ ಶೇಕಡಾ 12ರ ಬಡ್ಡಿ, ಸಕಾರಣವಿಲ್ಲದೆ ತಡಮಾಡಿದರೆ ಅರ್ಧದವರೆಗೆ ದಂಡ ಎಂದು ಕಾಯಿದೆ ಹೇಳಿದ್ದು ಸುಮ್ಮನೆಯೆ? ದಾನಕ್ಕೆ ಯಾರಾದರೂ ಬಡ್ಡಿ ಕಟ್ಟುತ್ತಾರೆಯೆ? ಜರ್ಮನಿ 1884ರಲ್ಲಿ, ಇಂಗ್ಲೆಂಡು 1897ರಲ್ಲಿ ಒಪ್ಪಿಕೊಂಡ ತತ್ವವಿದು: ಕೆಲಸದ ಲಾಭ ಪಡೆಯುವವನು ಕೆಲಸದ ಅಪಾಯವನ್ನೂ ಹೊರಬೇಕು.

ಹೀಗೆ ಬಿಗಿಯಾಗಿ ಹಿಡಿದರೆ ಸಣ್ಣ ಗುತ್ತಿಗೆದಾರರು ಉಳಿಯುವುದಿಲ್ಲ ಎಂದು ಮಿತ್ರರೊಬ್ಬರು ಹೇಳಿದರು. ಅವರ ಮಾತಿನಲ್ಲಿ ಕಪಟವಿಲ್ಲ. ಆದರೆ ಈ ಹೊಣೆಗೆಂದೇ ವಿಮೆ ಇದೆ. ಸಿಮೆಂಟಿನ ಬೆಲೆಯನ್ನು ಅಂದಾಜುಪಟ್ಟಿಯಲ್ಲಿ ಸೇರಿಸುವವರು ವಿಮೆಯ ಕಂತನ್ನೇಕೆ ಸೇರಿಸಬಾರದು? ಸೇರಿಸದಿದ್ದರೆ ಆ ಖರ್ಚು ಇಲ್ಲವಾಗುವುದಿಲ್ಲ. ಮೇಸ್ತ್ರಿಯ ಮನೆಯವರು ಅದನ್ನು ಕಟ್ಟುತ್ತಾರೆ. ಅವನ ಮಗಳು ಪಿಯುಸಿ ಮುಗಿಸಿ ಓದು ನಿಲ್ಲಿಸಿದ್ದಾಳೆ. ನಮ್ಮ ಕೊಠಡಿಗಳ ಖರ್ಚಿನಲ್ಲಿ ಒಂದು ಪಾಲನ್ನು ಆಕೆ ತೆತ್ತಿದ್ದಾಳೆಂದೇ ನಾನು ತಿಳಿಯುತ್ತೇನೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ನಾಚಿಸಿದ್ದು ಇನ್ನೊಂದು. 2017ರಲ್ಲಿ ಆ ಕಾಯಿದೆಗೆ ಒಂದು ತಿದ್ದುಪಡಿಯಾಗಿತ್ತು. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಮಾಲೀಕನು ನೌಕರನಿಗೆ ಪರಿಹಾರದ ಹಕ್ಕುಗಳನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಬರೆದು ತಿಳಿಸಬೇಕು, ತಪ್ಪಿದರೆ ದಂಡ. ಆ ಭಾಷೆಗಳಲ್ಲಿ ಆ ಪ್ರದೇಶದ ಅಧಿಕೃತ ಭಾಷೆಯೂ ಸೇರಿತ್ತು. ನಮ್ಮಲ್ಲಿ ಅದು ಕನ್ನಡವಲ್ಲದೆ ಮತ್ತೇನು? ಮೇಸ್ತ್ರಿಗೆ ಮೊದಲ ದಿನ ಕನ್ನಡದ ಒಂದು ಚೀಟಿ ಸಿಗಬೇಕಾಗಿತ್ತು. ಸಿಗಲಿಲ್ಲ. ಕನ್ನಡ ಅವನ ಬಳಿಗೆ ಬಂದದ್ದು ಕೊನೆಯ ದಿನ, ಹಕ್ಕನ್ನು ಬರೆಸಿಕೊಳ್ಳುವುದಕ್ಕೆ. ಬಂದದ್ದೂ ನನ್ನ ಲೇಖನಿಯಿಂದ. ಕನ್ನಡದ ಏಳಿಗೆಯ ಬಗ್ಗೆ ಪ್ರತಿ ನವೆಂಬರಿನಲ್ಲಿ ಭಾಷಣ ಮಾಡುವ ನಾವು, ಕನ್ನಡ ಯಾರ ಪರವಾಗಿ ಬರೆಯಲ್ಪಡುತ್ತಿದೆ ಎಂದು ಒಮ್ಮೆಯಾದರೂ ಕೇಳಿಕೊಂಡಿದ್ದೇವೆಯೆ?

ಎರಡು ವರ್ಷದ ಅವಧಿ ಮುಗಿಯುವ ಮುನ್ನ ಮೇಸ್ತ್ರಿಯ ಅರ್ಜಿ ಸಲ್ಲಿಕೆಯಾಯಿತು. ಕಾನೂನು ಸೇವಾ ಸಮಿತಿಯ ಮೂಲಕ ವಕೀಲರೊಬ್ಬರು ಶುಲ್ಕವಿಲ್ಲದೆ ದೊರೆತರು. ಮುಚ್ಚಳಿಕೆಯನ್ನು ಬರೆದವನು ನಾನೇ ಎಂದು ಸಾಕ್ಷಿ ಹೇಳಲು ನಾನು ಒಪ್ಪಿದ್ದೇನೆ. ಕಾಲೇಜಿನಲ್ಲಿ ಕೆಲವರು ಅದರಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ, ಬಿಡಲಿ. ವಿಚಾರಣೆ ನಡೆದಿರುವುದರಿಂದ ಅದರ ಫಲದ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ.

ಹೇಳಬೇಕಾದದ್ದು ಓದುಗರಿಗೆ. ಹೊಸ ಸಂಹಿತೆಯಲ್ಲಿಯೂ ಅಳತೆ ಸಂಪಾದನಾ ಶಕ್ತಿಯದೇ. ಆದ್ದರಿಂದ ಪ್ರಮಾಣಪತ್ರ ಬರೆಯುವ ವೈದ್ಯ ಮಹಾಶಯರು ಎರಡು ಪ್ರಶ್ನೆಗಳನ್ನು ದಯಮಾಡಿ ಕೇಳಬೇಕು: ನಿನ್ನ ಕೆಲಸವೇನು? ಅದನ್ನು ಈ ಮಂಡಿಯಿಂದ ಮಾಡಬಲ್ಲೆಯಾ? ಉತ್ತರವನ್ನು ಶೇಕಡಾವಾರು ಅಂಕಿಯ ಪಕ್ಕದಲ್ಲಿಯೇ ಬರೆಯಬೇಕು. ಕಟ್ಟಡ ಕಟ್ಟಿಸುವ ಸಂಸ್ಥೆಗಳು ಗುತ್ತಿಗೆ ಕೊಡುವ ಮೊದಲು ಕೆಲಸಗಾರರ ವಿಮೆಯ ಕಾಗದವನ್ನು ಕೇಳಿ ನೋಡಬೇಕು. ಉಳಿದವರು ನಾವು: ಅಧ್ಯಾಪಕರು, ಗುಮಾಸ್ತರು, ನಿವೃತ್ತ ಅಧಿಕಾರಿಗಳು, ಇಂಥ ಕಾಗದಗಳನ್ನು ಬರೆಯುವವರು, ಸಾಕ್ಷಿಯ ಜಾಗದಲ್ಲಿ ಸಹಿ ಹಾಕುವವರು. ನಾಳೆ ಯಾರಾದರೂ ಬಂದು ‘ಒಳ್ಳೆಯ ಕನ್ನಡದಲ್ಲಿ ಒಂದು ಮುಚ್ಚಳಿಕೆ ಬರೆದುಕೊಡಿ’ ಎಂದರೆ ಬರೆಯಬೇಡಿ. ಪೆಟ್ಟಾದವನಿಗೆ ಆಯುಕ್ತರ ವಿಳಾಸ ಬರೆದುಕೊಡಿ. ಅದಕ್ಕೆ ಒಳ್ಳೆಯ ಕನ್ನಡವೇನೂ ಬೇಕಾಗಿಲ್ಲ.