ಪೇಟದ ಅರ್ಥ ತಿಳಿಯದೆ ಕೇಳಿದ ನ್ಯಾಯ

2022ರ ಫೆಬ್ರವರಿ 10ರಂದು ರಾಜ್ಯ ಹೈಕೋರ್ಟ್ ನೀಡಿದ ಮಧ್ಯಂತರ ಆದೇಶದಲ್ಲಿ ಹಿಜಾಬ್ ಮತ್ತು ಕೇಸರಿ ಶಾಲಿನ ಉಲ್ಲೇಖವಿತ್ತು. ಸಿಖ್ಖರ ಪೇಟದ ಹೆಸರಿರಲಿಲ್ಲ. ಆದರೂ ಅದೇ ತಿಂಗಳು ಬೆಂಗಳೂರಿನ ಕಾಲೇಜೊಂದು ಅಮೃತ ದೀಕ್ಷೆ ಪಡೆದ ಸಿಖ್ ವಿದ್ಯಾರ್ಥಿನಿಗೆ ಪೇಟ ತೆಗೆಯುವಂತೆ ಸೂಚಿಸಿತು. ಹಿಜಾಬ್ ತೆಗೆಯಬೇಕಾಗಿ ಬಂದ ನಮ್ಮ ಹೆಣ್ಣುಮಕ್ಕಳೇ, ಹಾಗಾದರೆ ಯಾರಿಗೂ ಧಾರ್ಮಿಕ ಚಿಹ್ನೆ ಬೇಡವೆಂದು ಪಟ್ಟು ಹಿಡಿದದ್ದು ಇದಕ್ಕೆ ಕಾರಣವೆಂದು ಅಂದು ವರದಿಯಾಗಿತ್ತು.

ನೊಂದ ಮಕ್ಕಳನ್ನು ನಾವು ದೂರುವುದಿಲ್ಲ. ದೂರಬೇಕಾದುದು ಹಿರಿಯರಾದ ನಮ್ಮನ್ನೇ. ಸುಳ್ಯದ ಐವರ್ನಾಡಿನಂತಹ ಊರಿನಿಂದ ಹಿಡಿದು ರಾಜಧಾನಿಯವರೆಗೆ ನಮ್ಮ ಮಾತುಕತೆಗಳಲ್ಲಿ ಸಿಖ್ಖರ ಪೇಟವು ಒಂದು ವಾದವಾಗಿ ಬಂತೇ ಹೊರತು, ಅವರು ಅದನ್ನು ಏಕೆ ಧರಿಸುತ್ತಾರೆಂದು ವಿಚಾರಿಸಿದವರು ಕಡಿಮೆ.

1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗ್ ಖಾಲ್ಸಾ ಸ್ಥಾಪಿಸಿದಾಗ, ತಲೆ ಕೊಡಲು ಮುಂದೆ ಬಂದ ಐವರಲ್ಲಿ ಒಬ್ಬರು ನಮ್ಮ ಬೀದರಿನ ಸಾಹಿಬ್ ಚಂದ್. ಕ್ಷೌರಿಕ ಮನೆತನದವರು. ಕೂದಲು ಕತ್ತರಿಸುವ ವೃತ್ತಿಯವರ ಮನೆಯಲ್ಲಿ ಹುಟ್ಟಿ, ಕೂದಲು ಕತ್ತರಿಸದ ವ್ರತ ತೊಟ್ಟು ಸಾಹಿಬ್ ಸಿಂಗ್ ಆದರು! ಉಳಿದ ನಾಲ್ವರು ಬೇರೆ ಬೇರೆ ಜಾತಿಯವರು. ಐವರೂ ಒಂದೇ ಪಾತ್ರೆಯಿಂದ ಅಮೃತ ಕುಡಿದರು. ಬಳಿಕ ಗುರುವೇ ಅವರೆದುರು ನಿಂತು ಅದೇ ದೀಕ್ಷೆಯನ್ನು ಬೇಡಿ ಪಡೆದರು.

ಕೇಶವೆಂದರೆ ದೇವನಿತ್ತ ರೂಪವನ್ನು ಒಪ್ಪಿಕೊಳ್ಳುವುದು. ಕಂಘಾ ಎಂಬ ಬಾಚಣಿಗೆ ಅದರ ಶುಚಿತ್ವಕ್ಕೆ. ಕಡಾ ಎಂಬ ಬಳೆಯು ಆದಿ ಅಂತ್ಯಗಳಿಲ್ಲದ ಏಕದೇವನನ್ನು ನೆನಪಿಸುತ್ತದೆ, ಕೆಡುಕಿಗೆ ಚಾಚುವ ಕೈಯನ್ನು ತಡೆಯುತ್ತದೆ. ಕಛೇರಾ ಎಂಬ ಒಳಉಡುಪು ಶೀಲದ ಗುರುತು. ಕಿರ್ಪಾನ್ ದುರ್ಬಲರನ್ನು ರಕ್ಷಿಸುವ ಹೊಣೆ. ಪೇಟವು ಈ ಐದರಲ್ಲಿ ಸೇರಿಲ್ಲ. ಅದು ಕೇಶದ ಕಾವಲು. ಸ್ತ್ರೀಗೂ ಪುರುಷನಿಗೂ ದೀಕ್ಷೆ ಒಂದೇ. ಆದುದರಿಂದ ಪೇಟವನ್ನೂ ಹಿಜಾಬನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ನಮ್ಮ ವಾದವೇ ದುರ್ಬಲವಾಗಿತ್ತು.

ಸಂವಿಧಾನದ 25ನೇ ವಿಧಿಯ ವಿವರಣೆಯು ಕಿರ್ಪಾನ್ ಧಾರಣೆಯನ್ನು ಸಿಖ್ ಧರ್ಮಾಚರಣೆಯ ಭಾಗವೆಂದು ಹೆಸರಿಸಿಯೇ ಹೇಳಿದೆ. ಇದನ್ನು ಅಸೂಯೆಯಿಂದ ಕಾಣುವವರು ನಮ್ಮಲ್ಲಿದ್ದಾರೆ. ಅವರು ಒಂದನ್ನು ನೆನಪಿಡಬೇಕು. ಗುರು ಗೋವಿಂದ ಸಿಂಗರ ತಂದೆ ಗುರು ತೇಗ್ ಬಹಾದ್ದೂರರ ಶಿರಚ್ಛೇದವಾದದ್ದು 1675ರಲ್ಲಿ, ಔರಂಗಜೇಬನ ದಿಲ್ಲಿಯಲ್ಲಿ. ಇದನ್ನು ಹೇಳಲು ನಾವು ಹಿಂಜರಿಯಬೇಕಾಗಿಲ್ಲ. ಆ ನೋವುಂಡ ಸಿಖ್ಖರು ಸೂಫಿ ಸಂತ ಬಾಬಾ ಫರೀದರ ವಾಣಿಯನ್ನು ತಮ್ಮ ಗುರು ಗ್ರಂಥ ಸಾಹಿಬ್‌ನಿಂದ ತೆಗೆದುಹಾಕಲಿಲ್ಲ.

ಬೆಂಗಳೂರಿನ ಆ ಸಿಖ್ ಕುಟುಂಬವು ಪೇಟ ತೆಗೆಯಲು ಒಪ್ಪಲಿಲ್ಲ. ಅಂದೇ ಅವರ ಪರವಾಗಿ ನಮ್ಮ ಜಮಾಅತ್‌ಗಳಿಂದ ಒಂದು ಹೇಳಿಕೆ ಹೊರಡಬೇಕಾಗಿತ್ತು.